ಕಾರ್ಡಿನಲ್ಲಿ ಇಲ್ಲದ ಸಾಲು

ಹಳ್ಳಿ ಶಾಲೆಗಳ ಬಗ್ಗೆ ಸಂಶೋಧನೆ ಮಾಡುವವರಿಗೆ ಹಳ್ಳಿಯ ಮೇಲೆ ಬಹಳ ಪ್ರೀತಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆಯ ಬಸ್ಸಿನ ಮೇಲೆ ಅವರಿಗೆ ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು ಪ್ರೀತಿ. ಬೆಳಿಗ್ಗೆ ಇಳಿಸಿ ಸಂಜೆ ತಿರುಗಿ ಹತ್ತಿಸಿಕೊಳ್ಳುವ ಬಸ್ಸು ಯಾವ ಊರಿಗಿದೆಯೋ ಆ ಊರಿಗೇ ಎಲ್ಲರೂ ಹೋಗುತ್ತಾರೆ. ಅಲ್ಲಿಂದಾಚೆ ಗುಡ್ಡ ಹತ್ತಿ ಹೋಗಬೇಕಾದ ಊರಿನ ಮಕ್ಕಳು ಓದುತ್ತಾರೋ ಬಿಡುತ್ತಾರೋ, ದೇವರಿಗೇ ಗೊತ್ತು.

ಈ ಕಥೆಯ ಶಾಲೆ ಇರುವುದು ಬಸ್ ನಿಲ್ದಾಣದ ಎದುರಿಗೇ. ಬಸ್ಸಿಳಿದು ಮೈಮೇಲಿನ ಧೂಳು ಕೊಡವಿಕೊಳ್ಳುವಷ್ಟರಲ್ಲಿ ಗೇಟು ಬಂದುಬಿಡುತ್ತದೆ. ಇದಕ್ಕಿಂತ ಒಳ್ಳೆಯ 'ಗ್ರಾಮೀಣ ಶಾಲೆ' ಬೇರೆಲ್ಲಿ ಸಿಕ್ಕೀತು ಹೇಳಿ? ವರ್ಷವಿಡೀ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ಬಂದವರೆಲ್ಲರ ಕೈಯಲ್ಲೂ ಅದೇ ಒಂದು ಕಾರ್ಡು. ಮೇಲಿನವರು ಒಪ್ಪಿಗೆ ಕೊಟ್ಟಿರುವ ಕಾರ್ಡು ಅದೊಂದೇ ಆದ್ದರಿಂದ ಅದನ್ನು ಬದಲಾಯಿಸುವ ಉಸಾಬರಿಗೆ ಯಾರೂ ಹೋಗಿಲ್ಲ. ಅದರಲ್ಲಿ ಕಳೆದುಹೋದ ಕರುವಿನ ಕಥೆ ಇದೆ. ಮಗು ನಿಲ್ಲದೆ ಓದಿದರೆ 'ಸರಾಗ', ನಿಂತು ನಿಂತು ಓದಿದರೆ 'ತಡವರಿಕೆ', ಓದದಿದ್ದರೆ 'ಇಲ್ಲ'. ಒಂದು ಗುರುತು ಹಾಕಿಕೊಂಡು ಎದ್ದು ಬಂದರೆ ಆಯಿತು. ಹೀಗೆ ಬರುವ ಗಂಡಸರಿಗೆ ಆ ಮಕ್ಕಳು ಇಟ್ಟ ಹೆಸರು ಕಾರ್ಡ್ ಸರ್, ಹೆಂಗಸರಿಗೆ ಕಾರ್ಡ್ ಮಿಸ್.

ನಮ್ಮ ಕಾರ್ಡ್ ಮಿಸ್ ಕೂಡ ಆ ಸಾಲಿನಲ್ಲಿ ಒಬ್ಬಳು. ಮದುವೆಯಾದ ಮೇಲೆ, ಎಲ್ಲರೂ ಬೇಡವೆಂದ ಮೇಲೆ, ಹಟ ಹಿಡಿದು ಡಾಕ್ಟರೇಟಿಗೆ ಸೇರಿದವಳು. ಬೇಡ ಅನ್ನದವರು ಅತ್ತೆ ಒಬ್ಬರೇ. ಗಂಡ ಕರೆಂಟಿನ ಮೀಟರ್ ನೋಡುವ ಕೆಲಸದಲ್ಲಿ ಊರೂರು ಸುತ್ತುತ್ತಿದ್ದ. ಮನೆ ನಡೆಸುತ್ತಿದ್ದದ್ದು ಅತ್ತೆ. ಸೊಸೆ ಹಾಳೆ ಹರಡಿಕೊಂಡು ಕೂತರೆ ಅತ್ತೆ ಅದರ ಸುತ್ತ ಹುಷಾರಾಗಿ ಗುಡಿಸಿಕೊಂಡು ಹೋಗುತ್ತಿದ್ದರು. ಗುಡಿಸುತ್ತಾ, "ಊರವರ ಮಕ್ಕಳು ಓದ್ತಾರಾ ಅಂತ ನೋಡೋಕೆ ಇಷ್ಟು ವರ್ಷ ಬೇಕಾ ತಾಯಿ? ನಾನಾಗಿದ್ರೆ ಒಂದು ಮಧ್ಯಾಹ್ನದಲ್ಲಿ ಹೇಳ್ತಿದ್ದೆ," ಅಂತ ಒಂದು ಮಾತು ಎಸೆಯುತ್ತಿದ್ದರು. ಸೊಸೆ ನಗುತ್ತಿದ್ದಳು. ಇತ್ತೀಚೆಗೆ ಮಾತ್ರ ಆ ನಗು ಅಷ್ಟಾಗಿ ಬರುತ್ತಿರಲಿಲ್ಲ.

ಯಾಕೆಂದರೆ ಗೈಡ್ ಸರ್ ಪ್ರತಿ ಸಲವೂ ಅವಳ ಹಾಳೆಗಳನ್ನು ಮಗುಚಿ ಹಾಕಿ ಅದೇ ಪ್ರಶ್ನೆ ಕೇಳುತ್ತಿದ್ದರು. "ಇದೆಲ್ಲ ಸರಿಯಮ್ಮ. ಬೇರೆಯವರು ಹೇಳಿದ್ದನ್ನೇ ನೀನೂ ಹೇಳಿದ್ದೀಯ. ಇದರಲ್ಲಿ ನಿನ್ನ ಕೊಡುಗೆ ಏನು?" ಅವಳು ಹಾಳೆ ಎತ್ತಿಕೊಂಡು ಹೊರಗೆ ಬರುತ್ತಿದ್ದಳು. ಈಗ ಉಳಿದಿದ್ದದ್ದು ಒಂದೇ ಶಾಲಾ ವರ್ಷ. ಬೇಸಿಗೆ ರಜೆಗೆ ಮೊದಲು ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು. ಇಷ್ಟು ವರ್ಷದ ಓಡಾಟ ನೀರುಪಾಲು.

ಮಳೆಗಾಲ ಶುರುವಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ಆ ಬಸ್ಸಿಳಿದಳು. ಗೇಟು ದಾಟುವಷ್ಟರಲ್ಲಿ ಇಬ್ಬರು ಮಕ್ಕಳು ಕುರ್ಚಿ ಹೊತ್ತು ತಂದು ಜಗಲಿಯ ಬೆಳಕಿರುವ ಮೂಲೆಗೆ ಇಟ್ಟರು. "ಇಲ್ಲೇ ಕೂತ್ಕೊಳ್ಳಿ ಮಿಸ್, ಎಲ್ರೂ ಇಲ್ಲೇ ಕೂರೋದು." ಉಳಿದವರು ಯಾರೂ ಹೇಳದೆಯೇ ಸಾಲಾಗಿ ನಿಂತರು. ಮೂಗು ಸೋರುತ್ತಿದ್ದ ಒಂದು ಪುಟಾಣಿ ಹತ್ತಿರ ಬಂದು, ಪಾಪ ಹೊಸಬಳು ಎಂಬ ಕನಿಕರದಲ್ಲಿ, "ಮೊದಲು ಭಯ ಪಡಬೇಡ, ಇದು ಪರೀಕ್ಷೆ ಅಲ್ಲ ಅಂತ ಹೇಳ್ಬೇಕು ಮಿಸ್," ಎಂದು ತಿಳಿಸಿಕೊಟ್ಟಿತು. ಕಾರ್ಡ್ ಮಿಸ್ ವಿಧೇಯಳಾಗಿ ಹಾಗೇ ಹೇಳಿದಳು.

ಐದು ತರಗತಿಗೂ ಸೇರಿ ಅಲ್ಲಿ ಒಬ್ಬರೇ ಟೀಚರಮ್ಮ. ಒಂದು ತರಗತಿಗೆ ಲೆಕ್ಕ ಕೊಟ್ಟು, ಇನ್ನೊಂದಕ್ಕೆ ಕಾಪಿ ಬರೆಯಲು ಹೇಳಿ, ಮತ್ತೊಂದರ ಜಗಳ ಬಿಡಿಸಿ ಅವರು ಬಾಗಿಲಿಗೆ ಬಂದರು. ಅಂಗೈ ತುಂಬ ಸೀಮೆಸುಣ್ಣ. "ಮೊದಲು ನಮ್ಮ ರೇಡಿಯೋನ ಕೇಳಿ," ಅಂದರು. ಹೇಳುವಾಗ ಅವರ ದಣಿದ ಮುಖದ ಮೇಲೆ ಬಂದ ಬೆಳಕನ್ನು ನೋಡಿ ಕಾರ್ಡ್ ಮಿಸ್‌ಗೂ ಖುಷಿಯಾಯಿತು.

ರೇಡಿಯೋ ಅಂದರೆ ಐದನೇ ಕ್ಲಾಸಿನ ಒಂದು ಹುಡುಗಿ. ಎರಡು ಜಡೆ, ಮಂಡಿಯ ಮೇಲೆ ಒಣಗಿದ ಗಾಯ, ಒಳ್ಳೆ ಗಂಟೆ ಹೊಡೆದ ಹಾಗಿರುವ ದನಿ. ಕಾರ್ಡು ಹಿಡಿದು, ಬೆರಳಿಟ್ಟು ಓದತೊಡಗಿದಳು ನೋಡಿ, ಜಗಳವಾಡುತ್ತಿದ್ದ ತರಗತಿಯೂ ತೆಪ್ಪಗಾಯಿತು. ಕರು ಕಳೆದುಹೋಯಿತು. ಹುಡುಗ ಹೊಲದಲ್ಲಿ ಹುಡುಕಿದ, ಹಳ್ಳದಲ್ಲಿ ಹುಡುಕಿದ. ಅಳುತ್ತಾ ಮನೆಗೆ ಬಂದ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ದನಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿ, ಕೊನೆಗೆ, "ಕೊಟ್ಟಿಗೆಯಲ್ಲಿ ನೋಡಿದರೆ ಕರು ಅಮ್ಮನ ಪಕ್ಕದಲ್ಲೇ ಮಲಗಿತ್ತು. ಎಲ್ಲರಿಗೂ ಸಂತೋಷವಾಯಿತು," ಅಂತ ಮುಗಿಸಿದಳು.

ಕಾರ್ಡ್ ಮಿಸ್ 'ಸರಾಗ' ಅಂತ ಗುರುತು ಹಾಕಿ ಕಾರ್ಡು ವಾಪಸು ತೆಗೆದುಕೊಂಡಳು. ತೆಗೆದುಕೊಂಡವಳು ಸುಮ್ಮನೆ ಒಮ್ಮೆ ನೋಡಿದಳು. ಮತ್ತೆ ನೋಡಿದಳು. ಹಳೆಯ ಕಾರ್ಡು ಹರಿದಿದೆಯೆಂದು ಹಿಂದಿನ ದಿನವಷ್ಟೇ ಜೆರಾಕ್ಸ್ ಮಾಡಿಸಿದ್ದಳು. ಅಂಗಡಿಯವನು ಫೋನಿನಲ್ಲಿ ಹರಟುತ್ತಾ ಹಾಳೆಯನ್ನು ಓರೆಯಾಗಿ ಇಟ್ಟಿದ್ದ. ಇವಳೂ ನೋಡದೆ ಚೀಲಕ್ಕೆ ಹಾಕಿಕೊಂಡಿದ್ದಳು. ಕೊನೆಯ ಎರಡು ಸಾಲು ಕತ್ತರಿಸಿ ಹೋಗಿದ್ದವು. ಆ ಕಾರ್ಡಿನಲ್ಲಿ ಹುಡುಗ ಅಳುತ್ತಾ ಮನೆಗೆ ಬರುವಲ್ಲಿಗೇ ಕಥೆ ಮುಗಿದಿತ್ತು. ಕೊಟ್ಟಿಗೆ, ಅಮ್ಮ, ಸಂತೋಷ, ಯಾವುದೂ ಅಲ್ಲಿರಲಿಲ್ಲ. ರೇಡಿಯೋ ಅಷ್ಟನ್ನೂ ಬೆರಳಿಟ್ಟು ಓದಿದ್ದಳು.

ಅವಳು ಗದರಲಿಲ್ಲ. ಹುಡುಗಿಯನ್ನು ಪಕ್ಕಕ್ಕೆ ಕರೆದು, ಕಾರ್ಡಿನ ಬೆನ್ನಿಗೆ 'ಮಳೆ ಬಂತು' ಅಂತ ಬರೆದು ಮುಂದೆ ಹಿಡಿದಳು. ರೇಡಿಯೋ ಅಕ್ಷರ ನೋಡಲಿಲ್ಲ. ಮಿಸ್ ಮುಖವನ್ನೇ ನೋಡಿದಳು, ಉತ್ತರ ಅಲ್ಲೆಲ್ಲೋ ಇದ್ದೀತು ಎಂಬಂತೆ. ಆಮೇಲೆ ಬಹಳ ಮೆಲ್ಲಗೆ, "ಕರು?" ಅಂದಳು.

"ಪರವಾಗಿಲ್ಲ ಬಿಡು ಮರಿ," ಅಂದಳು ಕಾರ್ಡ್ ಮಿಸ್.

ಹುಡುಗಿ ಅಳತೊಡಗಿದಳು. "ಎರಡನೇ ಕ್ಲಾಸಲ್ಲಿ ಅಮ್ಮನ ಜೊತೆ ದೂರದ ಕೆಲಸದ ಜಾಗಕ್ಕೆ ಹೋಗಿ ತುಂಬ ದಿನ ಅಲ್ಲೇ ಇದ್ದೆ. ವಾಪಸ್ ಬರೋ ಹೊತ್ತಿಗೆ ಎಲ್ರಿಗೂ ಓದೋಕೆ ಬರ್ತಿತ್ತು." ಸಾಲಿನ ಕೊನೆಯಲ್ಲಿ ನಿಂತು ಉಳಿದವರು ಕಾರ್ಡು ಓದುವುದನ್ನು ಕೇಳಿ ಕೇಳಿ ಕಲಿತಿದ್ದಳಂತೆ. ಪಾಠಗಳನ್ನೂ ಅಷ್ಟೇ. ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬರೆಯುವ ಹಾಗೆ ಅಚ್ಚುಕಟ್ಟಾಗಿ ಇಳಿಸಿಕೊಳ್ಳುತ್ತಿದ್ದಳು. ಬಂದ ಕಾರ್ಡ್ ಸರ್, ಕಾರ್ಡ್ ಮಿಸ್‌ಗಳೆಲ್ಲ ಬೆನ್ನು ತಟ್ಟಿ ಹೋಗಿದ್ದರು. "ಟೀಚರಿಗೆ ಹೇಳ್ಬೇಡಿ ಮಿಸ್."

"ಹೇಳಲ್ಲ," ಅಂದುಬಿಟ್ಟಳು ಇವಳು. ಅಳುವ ಮಗುವಿನ ಮುಂದೆ ಇನ್ನೇನು ತಾನೆ ಬಾಯಿಗೆ ಬರುತ್ತದೆ? ಹಾಗಂದು ಸಂಜೆಯ ಬಸ್ಸು ಹತ್ತಿ ಬಂದಳು.

ಗೈಡ್ ಸರ್ ಈ ಸಂಗತಿ ಕೇಳಿ ಕುರ್ಚಿಯಿಂದ ಎದ್ದೇ ನಿಂತರು. ಅವರೇನು ಕಟುಕರಲ್ಲ, ಪಾಪ. ಜೀವಮಾನವೆಲ್ಲ ಶಾಲೆಗಳಿಗೋಸ್ಕರವೇ ಸವೆದವರು. "ಇಷ್ಟು ವರ್ಷ ಇದನ್ನು ಯಾರೂ ಹಿಡಿದಿಲ್ಲವಲ್ಲಮ್ಮ. ನಾವು ಅಳೆದದ್ದು ಓದನ್ನಲ್ಲ, ನಮ್ಮದೇ ಕಾರ್ಡನ್ನ. ಇದೇ ನಿನ್ನ ಕೊಡುಗೆ. ಆ ಹುಡುಗಿಯಿಂದಲೇ ಅಧ್ಯಾಯ ಶುರು ಮಾಡು. ಎಲ್ಲರೂ ಸರಾಗ ಅಂದ ಮಗುವಿಗೆ ಒಂದಕ್ಷರವೂ ಓದಲು ಬರುವುದಿಲ್ಲ ಅನ್ನೋ ಸಾಲು ಇದೆಯಲ್ಲ, ಇಡೀ ಅಧ್ಯಾಯ ನಿಲ್ಲೋದೇ ಅದರ ಮೇಲೆ."

ಅವಳಿಗೆ ಮೈಯೆಲ್ಲ ಹಗುರಾಯಿತು. ಮನೆಗೆ ಬಂದು ಒಂದೇ ಉಸಿರಿಗೆ ಬರೆದಳು. ಚೆನ್ನಾಗಿಯೇ ಬಂತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಹೊಸಿಲ ಮೇಲೆ ಕೂತು, ಅತ್ತೆ ತರಕಾರಿ ಹೆಚ್ಚುತ್ತಿರುವಾಗ ಓದಿ ಹೇಳಿದಳು. ಈಳಿಗೆಯ ಮೇಲೆ ಅತ್ತೆಯ ಕೈ ನಡುವೆಯೇ ನಿಂತಿತು.

"ಈಗ ಆ ಮಗುವಿಗೆ ಯಾರು ಓದೋಕೆ ಕಲಿಸ್ತಾ ಇದ್ದಾರೆ?"

ಸೊಸೆ ಹಾಳೆ ಮಡಚಿದಳು.

"ಅಲ್ಲ ಕಣೇ, ನಿನಗೆ ಗೊತ್ತಾಯ್ತು. ನಿನ್ನ ಗೈಡಿಗೆ ಗೊತ್ತಾಯ್ತು. ಈಗ ನನಗೂ ಗೊತ್ತಾಯ್ತು. ನಾಳೆ ಅಚ್ಚಾದರೆ ಊರಿಗೆಲ್ಲ ಗೊತ್ತಾಗುತ್ತೆ. ಆ ಟೀಚರಮ್ಮನಿಗೆ ಮಾತ್ರ ಹೇಳೋ ಹಾಗಿಲ್ಲ. ಇದ್ಯಾವ ಸೀಮೆ ಗುಟ್ಟು?"

"ಮಾತು ಕೊಟ್ಟಿದ್ದೀನಿ ಅತ್ತೆ."

"ಕೊಟ್ಟೆ, ಸರಿ. ಮುಂದಿನ ವರ್ಷ ದೊಡ್ಡ ಶಾಲೆಗೆ ಹೋಗಿ ಅದು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂರುತ್ತಲ್ಲ, ಆಗ ನೀನು ಡಾಕ್ಟರ್ ಆಗಿರ್ತೀಯ." ಹೇಳಿದ ಮೇಲೆ ಅತ್ತೆಗೇ ಮಾತು ಜಾಸ್ತಿಯಾಯಿತು ಅನ್ನಿಸಿತೇನೋ, ಈಳಿಗೆ ಸರಿಸಿ ಸೊಸೆಯ ತಲೆ ಸವರಿದರು. "ನಿನ್ನ ಮೇಲೆ ಸಿಟ್ಟಲ್ಲ. ಆ ಮಗು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತೆ, ಅಷ್ಟೇ."

ಅವಳಿಗೂ ಚುರುಕ್ ಅಂದಿತ್ತು. ಆ ವಾರವೇ ಮತ್ತೆ ಬಸ್ಸು ಹತ್ತಿದಳು. ಈ ಸಲ ಕಾರ್ಡು ಒಯ್ಯಲಿಲ್ಲ.

ರೇಡಿಯೋ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಕಾರ್ಡ್ ಮಿಸ್ ಪಕ್ಕದಲ್ಲಿ ಕೂತು, "ಆವತ್ತು ಹೇಳಲ್ಲ ಅಂದಿದ್ದು ನನ್ನ ತಪ್ಪು ಮರಿ. ಹೇಳದಿದ್ದರೆ ನಿನಗೆ ಯಾರೂ ಕಲಿಸಲ್ಲ. ನೀನು ಹೇಳ್ತೀಯೋ, ನಾನು ಹೇಳ್ಲೋ?" ಅಂದಳು. ಹುಡುಗಿ ಮುಖ ತಿರುಗಿಸಿಕೊಂಡಳು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಅದನ್ನು ತಿರುಗಿಸಿ ನಿಲ್ಲಿಸಿ, "ನೀವೇ ಹೇಳಿ. ನಾನು ಹೊರಗಿರ್ತೀನಿ," ಅಂದಳು.

ಟೀಚರಮ್ಮ ನಿಂತೇ ಕೇಳಿದರು. ಮೊದಲು ನಂಬಲಿಲ್ಲ. ಆಮೇಲೆ ನಂಬಿದರು. ನಂಬಿದಾಗ ಅವರ ಮುಖ ನೋಡುವ ಹಾಗಿರಲಿಲ್ಲ. "ಬಂದೋರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತ ಬರಕೊಂಡು ಹೋದ್ರು ಮೇಡಂ. ಇವಳೊಬ್ಬಳ ಚಿಂತೆ ಇಲ್ಲ ಅಂತ ನಾನು ಮಿಕ್ಕವರ ಹಿಂದೆ ಬಿದ್ದೆ," ಅಂದರು. ಮೂರನೇ ಕ್ಲಾಸಿನವರು ಏನೋ ಕೇಳಿದ್ದಕ್ಕೆ ಕೈ ಅಡ್ಡ ಮಾಡಿ ಹೊರಗೆ ಹೋದರು. ಹೋಗಿ ಮೆಟ್ಟಿಲ ಮೇಲೆ ಹುಡುಗಿಯ ಪಕ್ಕ ಕೂತರು.

"ನನಗೆ ಯಾಕೆ ಹೇಳಲಿಲ್ಲ ಕಂದ?"

ರೇಡಿಯೋ ಮಂಡಿಯ ಗಾಯ ಕೆರೆಯುತ್ತಾ ಹೇಳಿದಳು. "ನಾನು ಓದಿದಾಗ ನೀವು ಖುಷಿಯಾಗ್ತಿದ್ರಿ ಟೀಚರ್."

ಸೀಮೆಸುಣ್ಣದ ಕೈಯಲ್ಲೇ ಟೀಚರಮ್ಮ ಅವಳನ್ನು ತಬ್ಬಿಕೊಂಡರು. ಹುಡುಗಿಯ ಬೆನ್ನ ಮೇಲೆ ಬೆಳ್ಳಗೆ ಬೆರಳು ಮೂಡಿದವು. ಬಾಗಿಲಲ್ಲಿ ನಿಂತಿದ್ದ ಕಾರ್ಡ್ ಮಿಸ್ ಕಣ್ಣೊರೆಸಿಕೊಳ್ಳಲು ಚೀಲದಲ್ಲಿ ಕರವಸ್ತ್ರ ಹುಡುಕಿದಳು, ಸಿಗಲಿಲ್ಲ. ತೋಳಿಗೇ ಒರೆಸಿಕೊಂಡಳು.

ಆ ಸಂಜೆ ಬಸ್ಸಿನಲ್ಲಿ ಕೂತು ಅವಳು ಒಂದು ನಿರ್ಧಾರ ಮಾಡಿದಳು. ಅದನ್ನು ಕೇಳಿ ಗೈಡ್ ಸರ್ ಹಣೆ ಚಚ್ಚಿಕೊಂಡರು.

"ಆ ಪುಟವನ್ನು ಈಗ ಕೊಡೋಕಾಗಲ್ಲ ಸರ್. ಅವಳ ಬಗ್ಗೆ ಬರೆದಿದ್ದೀನಿ. ಅದನ್ನ ಅವಳೇ ಓದಿ ಆಗಬಹುದು ಅನ್ನಬೇಕು. ಆಮೇಲೆ ಕೊಡ್ತೀನಿ."

"ಓದೋಕೇ ಬರಲ್ಲ ಅಂತ ನೀನೇ ಬರೆದಿದ್ದೀಯಲ್ಲಮ್ಮ."

"ಹೌದು ಸರ್. ಕಲಿಯೋವರೆಗೂ ಕಾಯ್ತೀನಿ."

"ಅವರಮ್ಮನ ಸಹಿ ತಗೋ. ನಿಯಮದ ಪ್ರಕಾರ ಅಷ್ಟು ಸಾಕು."

"ಅಮ್ಮನ ಸಹಿ ಸಿಗುತ್ತೆ ಸರ್. ಬರೆದಿರೋದು ಅಮ್ಮನ ಬಗ್ಗೆ ಅಲ್ಲ."

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಜೆಯೊಳಗೆ ಆ ಮಗು ಕಲೀಲಿಲ್ಲ ಅಂದ್ರೆ? ಆ ಅಧ್ಯಾಯ ಇಲ್ಲದೆ ನಿನ್ನ ಪ್ರಬಂಧ ನಾನು ಮುಂದಕ್ಕೆ ಕಳಿಸಲ್ಲ. ಅದು ನಿನಗೂ ಗೊತ್ತು." ಗೊತ್ತಿತ್ತು. ಆದರೂ ಅವಳು ತಲೆಯಾಡಿಸಿ ಬಂದಳು.

ಅಲ್ಲಿಂದ ಪ್ರತಿ ಶನಿವಾರ ಅವಳು ಆ ಬಸ್ಸಿಗೆ ಗಿರಾಕಿಯಾದಳು. ವಾರದ ದಿನಗಳಲ್ಲಿ ಟೀಚರಮ್ಮ, ಶನಿವಾರ ಇವಳು. ಒಂದು ಮಗುವಿಗೆ ಅಕ್ಷರ ಕಲಿಸುವುದೇನು ಮಹಾ ಅಂದುಕೊಂಡಿದ್ದರು ಇಬ್ಬರೂ. ಅಯ್ಯೋ, ಆ ಹುಡುಗಿಯ ಜ್ಞಾಪಕಶಕ್ತಿಯೇ ಇವರಿಗೆ ಶತ್ರುವಾಯಿತು. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಮರುಕ್ಷಣ ಬೆರಳಿಟ್ಟು ಗಂಟೆ ಹೊಡೆದ ಹಾಗೆ ಒಪ್ಪಿಸಿಬಿಡುತ್ತಿದ್ದಳು. ಓದಿದಳೆಂದು ಇವರು ಹಿಗ್ಗುವುದು, ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿದರೆ ಅವಳು ಮತ್ತೆ ಮುಖ ನೋಡುವುದು. ಪಾಠಪುಸ್ತಕ ಪ್ರಯೋಜನವಿಲ್ಲ, ಪೂರ್ತಿ ಬಾಯಿಪಾಠ. ಅಂಗಡಿಯ ಬೋರ್ಡುಗಳೂ ಅಷ್ಟೇ. ಇವಳ ಕಿವಿಗೆ ಯಾವತ್ತೂ ಬೀಳದ ಮಾತು ಬೇಕಿತ್ತು.

ಕೊನೆಗೆ ಕಾರ್ಡ್ ಮಿಸ್ ತಾನೇ ಬರೆದು ತರತೊಡಗಿದಳು. ಬರೆಯಲು ವಿಷಯ ಬೇಕಲ್ಲ, ಮನೆಯಲ್ಲಿ ಅತ್ತೆ ಇದ್ದರು. 'ಅತ್ತೆ ಕೊಡೆ ಮರೆತರು.' 'ಕೊಡೆ ಹುಡುಕಲು ಅತ್ತೆ ಮನೆಯೆಲ್ಲ ಸುತ್ತಿದರು.' 'ಕೊಡೆ ಅತ್ತೆಯ ಕಂಕುಳಲ್ಲೇ ಇತ್ತು.' ಪ್ರತಿ ವಾರವೂ ಹೊಸ ಚೀಟಿ. ಯಾರೂ ದನಿಯೆತ್ತಿ ಓದಿ ಹೇಳುವ ಹಾಗಿಲ್ಲ. ರೇಡಿಯೋ ಮುಗ್ಗರಿಸಿದಳು. ಅತ್ತಳು. ಒಂದು ಶನಿವಾರ ಚೀಟಿ ಹರಿದು ಹಾಕಿ ಪೇರಲೆ ಮರ ಹತ್ತಿ ಕೂತಳು. ಗಂಟೆಯಂಥ ದನಿ ಹೋಗಿ ಕೀರಲು ದನಿ ಬಂತು. ಮಿಕ್ಕ ಮಕ್ಕಳು "ರೇಡಿಯೋ ಕೆಟ್ಟೋಯ್ತು," ಅಂತ ಆಡಿಕೊಂಡರು. ಕಾರ್ಡ್ ಮಿಸ್‌ಗೆ ವಾಪಸು ಬರುವಾಗ ಬಸ್ಸಿನಲ್ಲಿ ಕೆಟ್ಟ ಯೋಚನೆ. ಇದ್ದ ಒಂದು ಹೆಮ್ಮೆಯನ್ನೂ ಮಗುವಿನಿಂದ ಕಿತ್ತುಕೊಂಡೆನೇ? ತನ್ನ ಡಿಗ್ರಿ ಹೋದರೆ ಹೋಗಲಿ, ಇವಳೇನಾದರೂ ಅಕ್ಷರವೇ ಬೇಡವೆಂದು ಶಾಲೆ ಬಿಟ್ಟರೆ?

ಚಳಿ ಶುರುವಾಗಿದ್ದ ಒಂದು ಶನಿವಾರ ಅವಳು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: 'ಅತ್ತೆ ಕನ್ನಡಕ ಹಾಕಿಕೊಂಡು ಕನ್ನಡಕ ಹುಡುಕಿದರು.' ರೇಡಿಯೋ ಬೆರಳಿಟ್ಟಳು. ಒಂದೊಂದೇ ಅಕ್ಷರ ಕೂಡಿಸಿದಳು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದಳು. ಮುಗಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳ ತುಟಿಯ ಮೂಲೆ ಮೇಲಕ್ಕೆ ಹೋಯಿತು, ಮತ್ತೆ ಚೀಟಿ ನೋಡಿದಳು, ನೋಡಿ ಕಿಸಕ್ಕನೆ ನಕ್ಕಳು. "ಮಿಸ್, ಹಾಕ್ಕೊಂಡೇ ಇದ್ರು." ನಗು ನಿಲ್ಲಿಸಲಾಗದೆ ಗೋಡೆಗೆ ಒರಗಿದಳು. ಟೀಚರಮ್ಮ ಹಾಜರಿ ಕೂಗುವುದು ಬಿಟ್ಟು ಓಡಿ ಬಂದರು. ಬಾಯಿಪಾಠ ಮಾಡಿದ ಮಾತಿಗೆ ಯಾರೂ ಹೀಗೆ ತಡವಾಗಿ ನಗುವುದಿಲ್ಲ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೂ ತಿಂಗಳುಗಟ್ಟಲೆ ಹಿಡಿಯಿತು. ರಜೆ ಹತ್ತಿರ ಬಂತು. ಗೈಡ್ ಸರ್ ಎರಡು ಸಲ ಫೋನ್ ಮಾಡಿ, "ಎಲ್ಲಿಗೆ ಬಂತಮ್ಮ?" ಅಂತ ಕೇಳಿದರು. ಎರಡನೇ ಸಲ ಅವರು ಕೇಳಿದ್ದು ಪ್ರಬಂಧದ ಬಗ್ಗೆಯೋ ಹುಡುಗಿಯ ಬಗ್ಗೆಯೋ ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

ಪ್ರಬಂಧ ಕೊಡುವ ಕೊನೆಯ ವಾರದಲ್ಲಿ, ಬಿಸಿಲು ಚುರುಗುಟ್ಟುತ್ತಿದ್ದ ಒಂದು ಬೆಳಿಗ್ಗೆ, ಕಾರ್ಡ್ ಮಿಸ್ ಟೈಪ್ ಮಾಡಿದ ಆ ಪುಟ ತೆಗೆದುಕೊಂಡು ಹೋದಳು. "ಇದು ನಿನ್ನ ಬಗ್ಗೆ ಬರೆದದ್ದು ಮರಿ. ಓದು. ಬೇಡ ಅಂದ್ರೆ ಇಲ್ಲೇ ಹರಿದು ಹಾಕ್ತೀನಿ," ಅಂದಳು. ಹರಿದು ಹಾಕಿದರೆ ಡಾಕ್ಟರೇಟ್ ಎಂಬುದು ಅಲ್ಲಿಗೇ ಮುಗಿಯಿತು, ಅದೂ ಗೊತ್ತಿತ್ತು.

ರೇಡಿಯೋ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ಅದು ಸರಾಗವಲ್ಲ, ಯಾರು ಬಂದು ಕೇಳಿದರೂ 'ತಡವರಿಕೆ' ಅಂತಲೇ ಗುರುತು ಹಾಕುವಂಥ ಓದು. ಸಂಶೋಧನೆಯ ದೊಡ್ಡ ದೊಡ್ಡ ಪದಗಳನ್ನು ಮುರಿದು, ಅರ್ಧಕ್ಕೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂದು ಓದಿದಳು. ಟೀಚರಮ್ಮ ಬಾಗಿಲಿಗೆ ಆತು ನಿಂತರು. ಯಾರೂ ಒಂದು ಪದವನ್ನೂ ಹೇಳಿಕೊಡಲಿಲ್ಲ. "ಎಲ್ಲ... ಪರೀಕ್ಷಕರೂ... ಸರಾಗ ಎಂದು... ಗುರುತಿಸಿದ... ಈ ಮಗುವಿಗೆ... ಒಂದಕ್ಷರವೂ... ಓದಲು... ಬರುವುದಿಲ್ಲ."

ಅಲ್ಲಿಗೆ ನಿಲ್ಲಿಸಿದಳು. ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಹುಬ್ಬು ಗಂಟಿಕ್ಕಿತು.

"ಇದು ಸುಳ್ಳು ಮಿಸ್."

"ಯಾವುದು ಮರಿ?"

"ಇದು." ಬೆರಳು ಸರಿಯಾದ ಸಾಲಿನ ಕೆಳಗೇ ಇತ್ತು. "ಈಗ ಓದಿದ್ನಲ್ಲ. ಮಿಕ್ಕಿದ್ದು ಇರ್ಲಿ. ಇದನ್ನ ಹೊಡೆದು ಹಾಕ್ಬೇಕು."

ಬರೆದಾಗ ನಿಜವಾಗಿತ್ತು ಎಂದು ಹೇಳಬಹುದಿತ್ತು. ಅಧ್ಯಾಯ ನಿಲ್ಲುವುದೇ ಆ ಸಾಲಿನ ಮೇಲೆ ಎಂದೂ ಹೇಳಬಹುದಿತ್ತು. ಕಾರ್ಡ್ ಮಿಸ್ ಎರಡನ್ನೂ ಹೇಳಲಿಲ್ಲ. ಚೀಲದಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟಳು. ಹುಡುಗಿ ನಾಲಿಗೆ ಕಚ್ಚಿಕೊಂಡು, ಅಷ್ಟೂ ಪದಗಳ ಮೇಲೆ ಗೀಟು ಎಳೆದಳು. ಎಷ್ಟು ಒತ್ತಿ ಎಳೆದಳೆಂದರೆ ಕಾಗದ ಕಿತ್ತು ಬಂತು.

ಕಾರ್ಡ್ ಮಿಸ್ ಆ ಪುಟವನ್ನು ಮತ್ತೆ ಟೈಪ್ ಮಾಡಲಿಲ್ಲ. ಕಿತ್ತುಹೋದದ್ದನ್ನೇ ಪ್ರಬಂಧದಲ್ಲಿ ಸೇರಿಸಿ ಗೈಡ್ ಸರ್ ಮೇಜಿನ ಮೇಲೆ ಇಟ್ಟು, ಏನು ಬೇಕಾದರೂ ಆಗಲಿ ಎಂದು ನಿಂತಳು. ಸರ್ ಪುಟ ಮಗುಚುತ್ತಾ ಅಲ್ಲಿಗೆ ಬಂದು ತಡೆದರು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟು ಮುಖ್ಯವಾದ ಸಾಲನ್ನ ಯಾರಮ್ಮ ಹೀಗೆ ಹೊಡೆದು ಹಾಕಿದ್ದು?"

"ಓದಿದವಳು ಸರ್," ಅಂದಳು.